ನೀಲಿಗೆ ತಿರುಗಿದ ಪಾಲಿಅನಿಲೀನ್ ನೂಲು: ವಾಹಕತೆ ಮರಳಿದ ಬಗೆ

ಹತ್ತಿ ನೂಲಿನ ಮೇಲೆ ಪಾಲಿಅನಿಲೀನ್ (ಅನಿಲೀನ್ ಅಣುಗಳು ಸರಪಳಿಯಾಗಿ ಜೋಡಣೆಯಾದ ಪಾಲಿಮರ್) ಬೆಳೆಸಿ ವಿದ್ಯುತ್ ಹರಿಸಬಲ್ಲ ಎಳೆಯನ್ನು ತಯಾರಿಸುವಾಗ ನನ್ನನ್ನು ಬಹಳ ಕಾಡಿದ ಸಮಸ್ಯೆಯೆಂದರೆ, ಕಡುಹಸಿರಾಗಿ ಹೊರಬಂದ ನೂಲು ಕೊಳವೆಬಾವಿಯ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ನೀಲಿಗೆ ತಿರುಗಿ, ವಾಹಕತೆಯನ್ನು ಬಹುಪಾಲು ಕಳೆದುಕೊಳ್ಳುತ್ತಿದ್ದುದು.

ಅನಿಲೀನ್ ಹೈಡ್ರೋಕ್ಲೋರೈಡ್‌ಗೆ 1.25 ಪಟ್ಟು ಮೋಲ್ ಅಮೋನಿಯಂ ಪರ್ಸಲ್ಫೇಟ್ (ಅಣುಗಳನ್ನು ಸರಪಳಿಯಾಗಿ ಜೋಡಿಸುವ ಉತ್ಕರ್ಷಕ) ಸೇರಿಸಿ, ದ್ರಾವಣವನ್ನು 0–5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿದ್ದೆ. ತೊಳೆಯದೆ ಒಣಗಿಸಿದ ತುಂಡು ವಾಹಕವಾಗಿಯೇ ಉಳಿದದ್ದರಿಂದ, ಪಾಲಿಮರೀಕರಣ ಸರಿಯಾಗಿದೆ, ತೊಂದರೆ ಇರುವುದು ತೊಳೆಯುವ ಹಂತದಲ್ಲಿ ಎಂಬುದು ಸ್ಪಷ್ಟವಾಯಿತು.

ಈ ಪಾಲಿಮರಿನ ವಾಹಕತೆ ಅದರ ಸರಪಳಿಯಲ್ಲಿರುವ ಸಾರಜನಕ ಪರಮಾಣುಗಳು ಆಮ್ಲದಿಂದ ಪಡೆದ ಪ್ರೋಟಾನುಗಳನ್ನು ಅವಲಂಬಿಸಿದೆ. ಕೊಳವೆಬಾವಿಯ ಗಡಸು ನೀರಿನ ಬೈಕಾರ್ಬೊನೇಟ್ ಆ ಪ್ರೋಟಾನುಗಳನ್ನು ಕಸಿದುಕೊಂಡಾಗ ಹಸಿರು ಎಮರಾಲ್ಡಿನ್ ಲವಣವು (ಪಾಲಿಅನಿಲೀನಿನ ವಾಹಕ ರೂಪ) ನೀಲಿ ಬೇಸ್ (ಪ್ರೋಟಾನು ಕಳೆದುಕೊಂಡ ರೂಪ) ಆಗುತ್ತದೆ. ಪಾಲಿಮರ್ ಹಾಳಾಗಿರುವುದಿಲ್ಲವಾದ್ದರಿಂದ ಈ ಬದಲಾವಣೆಯನ್ನು ಹಿಂದಿರುಗಿಸಬಹುದೆಂಬುದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ.

ನೀಲಿ ನೂಲನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದೊಡನೆ ಹಸಿರು ಮರಳಿತು. ಆದರೆ ಈ ಆಮ್ಲ ಒಣಗುವಾಗ ಭಾಗಶಃ ಆವಿಯಾಗುವುದಲ್ಲದೆ, ಹತ್ತಿಯ ಸೆಲ್ಯುಲೋಸನ್ನು ಕತ್ತರಿಸಿ ನೂಲನ್ನು ಪೆಡಸಾಗಿಸುವುದರಿಂದ, ಕೊನೆಯ ಅದ್ದುವಿಕೆಗೆ ಸುಲಭವಾಗಿ ಆವಿಯಾಗದ ಪ್ಯಾರಾ-ಟಾಲೀನ್ ಸಲ್ಫೋನಿಕ್ ಆಮ್ಲದ ತೆಳು ದ್ರಾವಣವನ್ನು ಆರಿಸಿಕೊಂಡೆ. ಇದೂ ಪ್ರಬಲ ಆಮ್ಲವೇ ಆದ್ದರಿಂದ ನೂಲನ್ನು ಬಿಸಿಯಲ್ಲಿ ಒಣಗಿಸದೆ ಕೋಣೆಯ ತಾಪದಲ್ಲಿಯೇ ಒಣಗಿಸುತ್ತೇನೆ. ಈಗ ತೊಳೆಯಲು ಕೂಡ ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಆಮ್ಲ ಬೆರೆಸಿಯೇ ಬಳಸುತ್ತೇನೆ. ಅನಿಲೀನ್ ಚರ್ಮದ ಮೂಲಕವೂ ದೇಹ ಸೇರುವ ವಿಷವಾದ್ದರಿಂದ, ಕೈಗವಸು ಮತ್ತು ಹೊಗೆ ಹೀರುವ ಕಪಾಟು ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು.