ಎಸಿ ಇಲ್ಲದ ಲೈಬ್ರರಿ: ನನ್ನ ಅನುಭವ

ಎಸಿ ಹಾಕದಿದ್ದರೆ ಎರಡೇ ವರ್ಷದಲ್ಲಿ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತದೆ ಅಂತ ಸಮಿತಿಯವರೆಲ್ಲ ಹೇಳಿದ್ದರು. ಬಡಾವಣೆಗೆ ನಾನು ವಿನ್ಯಾಸ ಮಾಡಿಕೊಟ್ಟ ಆ ಲೈಬ್ರರಿ ಎಸಿ ಇಲ್ಲದೆಯೇ ಮೂರು ಮಳೆಗಾಲ ದಾಟಿದೆ. ಬೂಷ್ಟು ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪುಸ್ತಕಕ್ಕೆ ಸೆಕೆಗಿಂತ ತೇವದ ಕಾಟ ಜಾಸ್ತಿ. ತೇವಾಂಶ ಶೇ 65 ದಾಟಿ ಅಲ್ಲೇ ನಿಂತರೆ ಕಥೆ ಮುಗಿಯಿತು. ಹೊರಗೋಡೆಗೆ ಒತ್ತಿ ಇಟ್ಟ ಕಪಾಟಿನ ಹಿಂದೆ ಗಾಳಿಯಾಡುವುದಿಲ್ಲ, ಗೋಡೆಯೂ ತಣ್ಣಗಿರುತ್ತದೆ, ಬೂಷ್ಟು ಮೊದಲು ಬರುವುದೇ ಅಲ್ಲಿ. ನಾನು ಕಪಾಟುಗಳನ್ನೆಲ್ಲ ಹಾಲ್‌ನ ನಡುವಿಗೆ ತಂದು ಓದುವ ಮೇಜುಗಳನ್ನು ಕಿಟಕಿ ಪಕ್ಕಕ್ಕೆ ಹಾಕಿದೆ. ಕಪಾಟಿಗೆ ಬೆನ್ನಿನ ಹಲಗೆಯೇ ಇಲ್ಲ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲೆ. ಮರದ ಖರ್ಚೂ ಉಳಿಯಿತು. ಪುಸ್ತಕದ ಭಾರ ನಿಮಗೆ ಗೊತ್ತಲ್ವಾ, ಪುಸ್ತಕದ ಕಪಾಟು ಸಾಲಾಗಿ ನಿಲ್ಲುವ ಕಡೆ ಚದರ ಮೀಟರಿಗೆ ಸುಮಾರು 7 ಕಿಲೋನ್ಯೂಟನ್, ಅಂದರೆ ಹೆಚ್ಚುಕಮ್ಮಿ 700 ಕೆಜಿ ತೂಕದಷ್ಟು ಭಾರ ಲೆಕ್ಕ ಹಿಡಿಯಬೇಕು. ಅಷ್ಟನ್ನೂ ನೆಲಮಹಡಿಯಲ್ಲೇ ಇಟ್ಟಿದ್ದಕ್ಕೆ ಮೇಲಿನ ಸ್ಲ್ಯಾಬಿನ ಕಬ್ಬಿಣ, ಕಾಂಕ್ರೀಟ್ ಎರಡೂ ಇಳಿದವು. ಆ ದುಡ್ಡು ದಪ್ಪ ಮಣ್ಣಿನ ಬ್ಲಾಕ್ ಗೋಡೆಗೆ, ಒಳಗಿನ ಸುಣ್ಣದ ಗಾರೆಗೆ ಹೋಯಿತು. ಗಾರೆಗೆ ಏನು ಬೆರೆಸಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಜಾಸ್ತಿ ಸತಾಯಿಸಿದ್ದು ಬೆಳಕು. ಲೈಟ್ ಶೆಲ್ಫ್ (ಬೆಳಕನ್ನು ಚಾವಣಿಯತ್ತ ಎಸೆಯಲು ಕಿಟಕಿಗೆ ಅಡ್ಡಲಾಗಿ ಕೂರಿಸುವ ಹಲಗೆ) ಮೇಲೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಹೊದಿಸಿ ನೋಡಿದೆ. ಬೆಳಕೇನೋ ಒಳಗೆ ದೂರ ಹೋಯಿತು, ಆದರೆ ಚಾವಣಿಯಲ್ಲಿ ಕಣ್ಣು ಕುಕ್ಕುವ ಪಟ್ಟೆ ಬಿದ್ದು ಬಿಸಿಲಿನ ಜೊತೆ ಸರಿಯುತ್ತಾ ಹೋಗುತ್ತಿತ್ತು, ಓದುವವರು ಕುರ್ಚಿ ಎಳೆದುಕೊಂಡು ಜಾಗ ಬದಲಾಯಿಸುತ್ತಿದ್ದರು. ಹಾಳೆಗೆ ಸುರಿದ ದುಡ್ಡು ದಂಡ. ಕಿತ್ತು ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿದೆ. ಈಗ ಹಗಲಲ್ಲಿ ಮೇಜಿನ ಮೇಲೆ 400 ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಸಿಗುತ್ತದೆ, ಓದಲು ಅಷ್ಟು ಸಾಕು, ಮೋಡ ಕವಿದರೆ ಮಾತ್ರ ದೀಪ.

ರಾತ್ರಿಯಿಡೀ ಮೇಲಿನ ಕಿಟಕಿ ತೆರೆದು ಗೋಡೆ ತಂಪು ಮಾಡುವುದನ್ನೂ ನೋಡಿದೆ. ಬೇಸಿಗೆಗೆ ಭರ್ಜರಿ. ಮಳೆಗಾಲದಲ್ಲಿ ಬೆಳಗ್ಗೆ ನೋಡಿದರೆ ಒಳಗಿನ ತೇವಾಂಶದ ಮೀಟರ್ ಶೇ 75ರ ಹತ್ತಿರ! ಇದನ್ನು ಮಾಡುವವರು ಸುಮ್ನೆ ಶೇಕಡಾ ಲೆಕ್ಕ ನಂಬಬೇಡಿ, ಅದು ಸೆಕೆ-ತಂಪಿನ ಜೊತೆ ಬದಲಾಗುತ್ತದೆ; ಒಳಗಿನ ಹೊರಗಿನ ಡ್ಯೂ ಪಾಯಿಂಟ್ (ಗಾಳಿಯಲ್ಲಿನ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ) ಹೋಲಿಸಿ. ಹೊರಗಿನದು ಕಡಿಮೆ ಇದ್ದರೆ ಮಾತ್ರ ಕಿಟಕಿ ತೆರೆಯಬೇಕು. ನಮ್ಮ ಲೈಬ್ರೇರಿಯನ್ ಈಗ ಬಾಗಿಲು ಹಾಕುವ ಮುಂಚೆ ಎರಡೂ ಮೀಟರ್ ನೋಡಿ ಅವರೇ ತೀರ್ಮಾನ ಮಾಡುತ್ತಾರೆ. ಕರೆಂಟ್ ಬಿಲ್ ಹಳೆ ಕಟ್ಟಡದ ಮೂರನೇ ಒಂದು ಪಾಲೂ ಬರುತ್ತಿಲ್ಲ, ಸಮಿತಿಯವರು ಆ ಉಳಿತಾಯದಲ್ಲೇ ಹೊಸ ಪುಸ್ತಕ ತರಿಸುತ್ತಿದ್ದಾರೆ.