ರುದ್ರ ಕಲಿಯಲು ಕೂತವರಿಗೆ

ನನ್ನದು ಸಾಗರದ ಹತ್ತಿರದ ಹಳ್ಳಿ. ಹಗಲು ಪೌರೋಹಿತ್ಯ, ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ರುದ್ರದ, ಅಂದರೆ ಶಿವನನ್ನು ಸ್ತುತಿಸುವ ವೇದಮಂತ್ರದ ಪಾಠ. ಕಲಿಯೋಕೆ ಬರುವವರು ಹುಡುಗರಲ್ಲ, ದೊಡ್ಡವರು. ಬ್ಯಾಂಕಿನವರು, ಅಡಿಕೆ ತೋಟದವರು, ರಿಟೈರಾದ ಮೇಷ್ಟ್ರು. ಬೆಂಗಳೂರಿಂದ ಫೋನಿನಲ್ಲೇ ಕಲಿಯುವವರೂ ಇದ್ದಾರೆ. ಎಲ್ಲರದ್ದೂ ಒಂದೇ ಮಾತು: "ಭಟ್ರೇ, ಶಿವರಾತ್ರಿಯೊಳಗೆ ರುದ್ರ ಬಾಯಿಗೆ ಬರಬೇಕು." ಬರುತ್ತದೆ. ಯಾವ ಶಿವರಾತ್ರಿ ಅಂತ ಮಾತ್ರ ಈಗಲೇ ಕೇಳಬೇಡಿ.

ಹೆಂಗಸರು ಕಲಿಯಬಹುದಾ, ಉಪನಯನ ಆಗದವರು ಕಲಿಯಬಹುದಾ ಅಂತ ಕೇಳುತ್ತಾರೆ. ಕೇಳಿಕೊಂಡು ಬಂದವರಿಗೆಲ್ಲ ನಾನು ಹೇಳಿಕೊಡುತ್ತೇನೆ. ಒಪ್ಪದವರೂ ಇದ್ದಾರೆ, ಅವರ ಜೊತೆ ವಾದಕ್ಕೆ ಹೋಗುವುದಿಲ್ಲ. ಗುರು ಹುಡುಕುವಾಗ ಮೊದಲ ದಿನವೇ ಕೇಳಿಬಿಡಿ, ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಇನ್ನೊಂದು ಮೊದಲೇ ಕೇಳಬೇಕಾದದ್ದು, ಯಾವ ಶಾಖೆಯ, ಅಂದರೆ ವೇದ ಹೇಳುವ ಯಾವ ಪರಂಪರೆಯ ಪಾಠ ಅಂತ. ರುದ್ರದಲ್ಲಿ ನಮಕ, ಚಮಕ ಅಂತ ಎರಡು ಭಾಗ. ನಮ್ಮ ಕಡೆ ಹೇಳುವುದು ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯದು. ಎರಡರಲ್ಲೂ 11 ಅನುವಾಕ, ಅಂದರೆ ವಿಭಾಗ. ಶಾಖೆ ಬೇರೆಯಾದರೆ ಪಾಠವೂ ಬೇರೆ. ಪುರುಷಸೂಕ್ತ ಅನ್ನುವ ಇನ್ನೊಂದು ವೇದಮಂತ್ರವನ್ನೇ ನೋಡಿ: ಋಗ್ವೇದದವರು "ಪುರುಷ ಏವೇದಂ ಸರ್ವಮ್" ಅಂದರೆ ನಾವು "ಪುರುಷ ಏವೇದಗ್ಂ ಸರ್ವಮ್" ಅನ್ನುತ್ತೇವೆ. ಅವರಲ್ಲಿ 16 ಋಕ್ಕು. "ವೇದಾಹಮೇತಂ ಪುರುಷಂ ಮಹಾಂತಮ್" ನಮ್ಮ ಪಾಠದಲ್ಲಿದೆ, ಅವರದರಲ್ಲಿಲ್ಲ. ಎರಡೂ ಸರಿ. ಒಂದರ ಪುಸ್ತಕ ಹಿಡಿದು ಇನ್ನೊಂದರ ಆಡಿಯೋ ಕೇಳಿದರೆ ಮಾತ್ರ ತಲೆ ಕೆಡುತ್ತದೆ.

ಈಗ ಕೂರೋಣ. ಪುಸ್ತಕ ಮುಚ್ಚಿಡಿ. ಸಂಥೆ ಅಂದರೆ ಇಷ್ಟೇ: ನಾನು ಒಂದು ತುಂಡು ಹೇಳುತ್ತೇನೆ, ನೀವು ಎರಡು ಸಲ ಹೇಳಬೇಕು. ಅದು ಸರಿಯಾದ ಮೇಲೆ ಮುಂದಿನ ತುಂಡು. ಆಮೇಲೆ ಎರಡೂ ಸೇರಿಸಿ. ಮನೆಗೆ ಹೋಗಿ ಅದನ್ನೇ ಹತ್ತು ಸಲ ಹೇಳಿ. ಪುಸ್ತಕ ತೆಗೆಯುವುದು ಆಮೇಲೆ, ಅನುಮಾನ ಬಂದರೆ ನೋಡೋಕೆ. ಪಾಣಿನೀಯ ಶಿಕ್ಷೆ ಅನ್ನುವ ಉಚ್ಚಾರಣೆಯ ಹಳೇ ಗ್ರಂಥದಲ್ಲಿ ಕೆಟ್ಟ ಪಾಠಕರು ಆರು ಜನ ಅಂತ ಪಟ್ಟಿ ಇದೆ. ಹಾಡಿನ ಹಾಗೆ ಎಳೆಯುವವನು, ಓಡಿಸುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ಗೊತ್ತಿಲ್ಲದವನು, ಗಂಟಲು ಸಾಲದವನು. ಇಂದಿನ ಸಮಾರಂಭಗಳಲ್ಲಿ ಆರೂ ಜನ ಒಟ್ಟಿಗೇ ಸಿಗುತ್ತಾರೆ, ಆ ಮಾತು ಬೇರೆ.

ಸ್ವರಕ್ಕೆ, ಅಂದರೆ ದನಿಯ ಏರಿಳಿತಕ್ಕೆ ಹೆದರುವವರು ಜಾಸ್ತಿ. ಪುಸ್ತಕದಲ್ಲಿ ಅಕ್ಷರದ ಕೆಳಗೆ ಅಡ್ಡಗೀಟು ಇದ್ದರೆ ದನಿ ಇಳಿಯಬೇಕು, ಮೇಲೆ ನಿಂತ ಗೀಟು ಇದ್ದರೆ ಏರಬೇಕು, ಏನೂ ಇಲ್ಲದಿದ್ದರೆ ಸಮ. ಎರಡು ಗೀಟು ಇದ್ದರೆ ಎಳೆದು ಏರಿಸಬೇಕು. ಮೊದಲ ಸಾಲು ತಗೊಳ್ಳಿ, "ನಮಸ್ತೇ ರುದ್ರ ಮನ್ಯವ ಉತೋ ತ ಇಷವೇ ನಮಃ". ಮೊದಲ "ನ" ಸಮ, "ಮ" ಮೇಲೆ. "ಸ್ತೇ ರುದ್ರ" ಸಮವಾಗಿ ಸಾಗುತ್ತದೆ. "ಮನ್ಯವ"ದ "ಮ" ಕೆಳಗೆ, "ನ್ಯ" ಸಮ, "ವ" ಮೇಲೆ. "ಉ" ಕೆಳಗೆ, "ತೋ" ಸಮ, "ತ" ಮತ್ತೆ ಕೆಳಗೆ. "ಇ" ಸಮ, "ಷ" ಮೇಲೆ, "ವೇ" ಕೆಳಗೆ. ಕೊನೆಯ "ನಮಃ"ದಲ್ಲಿ "ನ" ಸಮ, "ಮಃ" ಮೇಲೆ. ಹೊಸಬರಲ್ಲಿ ಹೆಚ್ಚಿನವರು ಈ ಕೊನೆಯ "ಮಃ"ವನ್ನು ಇಳಿಸಿಬಿಡುತ್ತಾರೆ. ಮಾತು ಮುಗಿಯುವಾಗ ದನಿ ಇಳಿಸುವ ಅಭ್ಯಾಸ ಅಲ್ವಾ ನಮಗೆ? ಈ ಒಂದು ಸಾಲು ಸರಿಯಾಗಿ ಕೂರುವವರೆಗೆ ನಾನು ಎರಡನೇ ಸಾಲಿಗೆ ಹೋಗುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಉಚ್ಚಾರದಲ್ಲಿ ಕನ್ನಡದ ನಾಲಿಗೆ ಕೊಡುವ ತೊಂದರೆ ಮುಖ್ಯವಾಗಿ ಎರಡು. ಒಂದು, ಕೊನೆಯ ವ್ಯಂಜನಕ್ಕೆ ಉಕಾರ ಅಂಟಿಸುವುದು. "ಸಹಸ್ರಪಾತ್" ಹೋಗಿ "ಸಹಸ್ರಪಾತ್ತು" ಆಗುತ್ತದೆ. ನಾಲಿಗೆ ಹಲ್ಲಿಗೆ ತಾಗಿಸಿ ಅಲ್ಲೇ ನಿಲ್ಲಿಸಿ. ಎರಡು, ಮಹಾಪ್ರಾಣ. "ಧನ್ವನೇ" ಅನ್ನುವಾಗ ಬಾಯಿ ಮುಂದೆ ಅಂಗೈ ಹಿಡಿಯಿರಿ, ಗಾಳಿ ತಾಗಬೇಕು. "ಮಾ ಹಿಗ್ಂಸೀಃ" ಅನ್ನುವಲ್ಲಿ ಬರುವ "ಗ್ಂ" ಬಗ್ಗೆಯೂ ಒಂದು ಮಾತು: ಅದು ಪೂರ್ತಿ "ಗಮ್" ಅಲ್ಲ. ಶ, ಷ, ಸ, ಹ, ರ ಮುಂದೆ ಬಂದಾಗ ನಮ್ಮ ಶಾಖೆಯವರು ಅನುಸ್ವಾರವನ್ನು ಹೀಗೆ ಹೇಳುತ್ತಾರೆ. ಬರೆದು ವಿವರಿಸೋಕೆ ಆಗದ ಸದ್ದು ಅದು, ಕೇಳಿಯೇ ಕಲಿಯಬೇಕು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಜನ ಕಷ್ಟದ ಪದಕ್ಕೆ ಹೆದರುತ್ತಾರೆ. "ವಾರಿವಸ್ಕೃತಾಯೌಷಧೀನಾಂ" ನೋಡಿ ಬೆವರುತ್ತಾರೆ. ಆದರೆ ಅಲ್ಲಿ ಹೆಚ್ಚು ಜನ ತಪ್ಪುವುದಿಲ್ಲ, ಎಚ್ಚರವಾಗಿರುತ್ತಾರಲ್ಲ. ತಪ್ಪುವುದು ಸುಲಭದ ಕಡೆ, ಒಂದೇ ತರಹದ ಪದ ಎರಡು ಕಡೆ ಬಂದಾಗ. ನಮಕದ ಎರಡನೇ ಅನುವಾಕದಲ್ಲಿ "ನಮೋ ವೃಕ್ಷೇಭ್ಯೋ ಹರಿಕೇಶೇಭ್ಯಃ ಪಶೂನಾಂ ಪತಯೇ ನಮೋ" ಇದೆ. ಎಂಟನೇ ಅನುವಾಕದಲ್ಲಿ "ನಮೋ ವೃಕ್ಷೇಭ್ಯೋ ಹರಿಕೇಶೇಭ್ಯೋ ನಮಸ್ತಾರಾಯ" ಇದೆ. ಎಂಟಕ್ಕೆ ಬಂದವರು ಗೊತ್ತಿಲ್ಲದೇ "ಪಶೂನಾಂ ಪತಯೇ" ಅಂದುಬಿಡುತ್ತಾರೆ. ಅಲ್ಲಿಂದ ಮತ್ತೆ ಎರಡನೇ ಅನುವಾಕ ಶುರು. ನಾಲ್ಕು ಜನ ಸೇರಿ ಹೇಳುತ್ತಿದ್ದರೆ ನಾಲ್ವರೂ ಸುತ್ತು ಹೊಡೆಯುತ್ತಾರೆ, ಅಭಿಷೇಕದ ಹಾಲು ಖಾಲಿಯಾದರೂ ರುದ್ರ ಮುಗಿಯುವುದಿಲ್ಲ.

ಇದಕ್ಕೆ ಉಪಾಯ ಇದೆ. ಎರಡು ಕಡೆಯ ವ್ಯತ್ಯಾಸ ಒಂದೇ ಅಕ್ಷರದಲ್ಲಿ ನಿಂತಿದೆ: ಅಲ್ಲಿ "ಭ್ಯಃ", ಇಲ್ಲಿ "ಭ್ಯೋ". ಈ ಎರಡು ತುಂಡನ್ನು ಬೇರೆ ತೆಗೆದು, ಒಂದಾದ ಮೇಲೊಂದು, ಮುಂದಿನ ಪದದ ಸಮೇತ ಹೇಳಿ ರೂಢಿ ಮಾಡಿಕೊಳ್ಳಿ. ಹಿಂದಿನ ಪದವನ್ನೂ ಸೇರಿಸಿಕೊಳ್ಳಿ. ಎಂಟರಲ್ಲಿ "ಹಂತ್ರೇ ಚ ಹನೀಯಸೇ ಚ" ಆದ ಮೇಲೆ ಬರುತ್ತದೆ, ಎರಡರಲ್ಲಿ "ದಿಶಾಂ ಚ ಪತಯೇ" ಆದ ಮೇಲೆ. ಹಿಂದೆ ಏನಿತ್ತು ಅಂತ ಕಿವಿಗೆ ನೆನಪಿದ್ದರೆ ಮುಂದೆ ಏನು ಅಂತ ಬಾಯಿಗೆ ಗೊತ್ತಾಗುತ್ತದೆ.

ಎರಡನೇ ಅನುವಾಕದ ಒಳಗೂ ಜಾರುವ ಜಾಗ ಇದೆ. "ಪತಯೇ ನಮೋ" ಅನ್ನುವುದು ಸಾಲಾಗಿ ಬರುವುದರಿಂದ ಒಂದೆರಡು ಹಾರಿಹೋಗುತ್ತವೆ. ನಾನು ಮಾಡಿಸುವುದು ಹೀಗೆ: ಯಾವುದಕ್ಕೆಲ್ಲ ಪತಿ ಅನ್ನುವುದನ್ನಷ್ಟೇ ಮೊದಲು ಹೇಳಿಸುತ್ತೇನೆ. ದಿಕ್ಕು, ಪಶು, ದಾರಿ, ಅನ್ನ, ಪುಷ್ಟರು, ಜಗತ್ತು, ಹೊಲ, ಕಾಡು, ಮರ, ಪೊದೆ, ಗಿಡಮೂಲಿಕೆ, ಕಾಲಾಳು, ಸತ್ವನರು (ವೀರರು). ಒಟ್ಟು 13. ಕನ್ನಡದಲ್ಲೇ ಬೆರಳು ಮಡಚಿ ಎಣಿಸಿ, ತಾಳೆಯಾದರೆ ಮಂತ್ರ ಹೇಳಿ. ಮೂರನೆಯದಕ್ಕೆ ಹೋದರೆ ಅದೇ ದೇವರು ಕಳ್ಳರ ಪತಿ, "ತಸ್ಕರಾಣಾಂ ಪತಯೇ ನಮೋ". ನಾಲ್ಕರಲ್ಲಿ ಬಡಗಿಗೆ, ಕುಂಬಾರನಿಗೆ, ಕಮ್ಮಾರನಿಗೆ ನಮಸ್ಕಾರ. ಈ ಅರ್ಥ ಗೊತ್ತಿದ್ದರೆ ಅನುವಾಕ ಅದಲುಬದಲಾಗುವುದು ಎಷ್ಟೋ ಕಡಿಮೆ.

ಫೋನಿನಲ್ಲಿ ಕಲಿಯುವವರಿಗೆ: ಒಟ್ಟಿಗೆ ಹೇಳೋಕೆ ಹೋಗಬೇಡಿ, ದನಿ ತಡವಾಗಿ ಬಂದು ಎಲ್ಲ ಕಲಸಿಹೋಗುತ್ತದೆ. ಒಬ್ಬರು ಹೇಳುವಾಗ ಉಳಿದವರು ಮ್ಯೂಟ್. ಜೂಮ್ ಆದರೆ ಸೆಟ್ಟಿಂಗ್ಸಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್" ಹಾಕಿಕೊಳ್ಳಿ. ಇಲ್ಲದಿದ್ದರೆ ನೀವು ಎಳೆದ ಸ್ವರವನ್ನು ಅದು ಗಲಾಟೆ ಅಂದುಕೊಂಡು ಕತ್ತರಿಸಬಹುದು. ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಗುರುಗಳಿಗೆ ಕಳಿಸಿ. ಸುಮ್ನೆ ಯೂಟ್ಯೂಬ್ ಹಾಕಿಕೊಂಡು ಜೊತೆಗೆ ಗುನುಗಿದರೆ ನಿಮ್ಮ ತಪ್ಪು ನಿಮಗೆ ಕೇಳುವುದೇ ಇಲ್ಲ.

ಚಮಕ ಸುಲಭ. "ಚ ಮೇ, ಚ ಮೇ" ಅನ್ನುವ ಓಟವೇ ಎಳೆದುಕೊಂಡು ಹೋಗುತ್ತದೆ. ನಾಲ್ಕನೇ ಅನುವಾಕದ ಕೊನೆಯಲ್ಲಿ ಧಾನ್ಯಗಳ ಸಾಲು ಬರುತ್ತದೆ: ಭತ್ತ, ಜವೆ, ಉದ್ದು, ಎಳ್ಳು, ಹೆಸರು ಹೀಗೆ. ಕೊನೆಯ ಅನುವಾಕದಲ್ಲಿ ಹೆಚ್ಚಿನದು ಲೆಕ್ಕ: ಒಂದು, ಮೂರು, ಐದು ಅಂತ ಬೆಸಸಂಖ್ಯೆ 33ರವರೆಗೆ, ಆಮೇಲೆ ನಾಲ್ಕರ ಮಗ್ಗಿ 48ರವರೆಗೆ. ನಮ್ಮ ರಿಟೈರಾದ ಮೇಷ್ಟ್ರು ಇದನ್ನು ಒಂದೇ ಸಂಜೆಗೆ ಕಲಿತರು.

ಎರಡೂ ಬಂದ ಮೇಲೆ ಗುಂಪಿನಲ್ಲಿ ಕೂರಿ. ಚೆನ್ನಾಗಿ ಬರುವವರ ಪಕ್ಕ ಜಾಗ ಹಿಡಿಯಿರಿ, ದನಿ ಅವರಿಗಿಂತ ಸ್ವಲ್ಪ ತಗ್ಗಿರಲಿ. ಎಲ್ಲೋ ತಪ್ಪಿಹೋದರೆ ಗೊಣಗಬೇಡಿ, ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಮುಂದಿನ ಅನುವಾಕಕ್ಕೆ ಸೇರಿಕೊಳ್ಳಿ.