ಮಳೆ ಕಳೆದುಕೊಂಡ ಮೋಡ

ಸರಳ ಚೀನೀ ಲಿಪಿ ಅಂದರೆ 1956ರಲ್ಲಿ ಸರ್ಕಾರ ಹಳೆ ಅಕ್ಷರಗಳ ಕೈಕಾಲು ಕತ್ತರಿಸಿದ್ದು ಅಂತ ತುಂಬಾ ಜನ ಹೇಳುತ್ತಾರೆ. ಎಲ್ಲ ಅಕ್ಷರಕ್ಕೂ ಆ ಮಾತು ಒಪ್ಪುವುದಿಲ್ಲ. ಯುನ್ ನೋಡಿ.

ಯುನ್ ಅಂದರೆ ಮೋಡ. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ಅದನ್ನು 12 ಗೆರೆಯಲ್ಲಿ ಬರೆಯುತ್ತಾರೆ: ಮೇಲೆ ಮಳೆಯ ಚಿಹ್ನೆ, ಕೆಳಗೆ 4 ಗೆರೆಯ ಪುಟ್ಟ ಭಾಗ. ಚೀನಾದಲ್ಲಿ ಮಳೆ ಹೋಗಿ ಆ 4 ಗೆರೆ ಮಾತ್ರ ಉಳಿದಿದೆ. ಕತ್ತರಿ ಆಡಿಸಿದ ಹಾಗೇ ಕಾಣುತ್ತದೆ, ಅಲ್ವಾ?

ನಾನು ಹೊಸ ಅಕ್ಷರ ಕಲಿಯುವಾಗ ಅದರ ಹಳೆ ರೂಪಗಳನ್ನೂ ಚೌಕದ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯುತ್ತೇನೆ. ಮೊದಲು ಚೀನಾದ ಶಾಂಗ್ ರಾಜವಂಶದ ಕಾಲದವರು ಆಮೆಚಿಪ್ಪು, ದನದ ಮೂಳೆಯ ಮೇಲೆ ಕೊರೆದದ್ದು, ಆಮೇಲೆ ಮುದ್ರೆ ಲಿಪಿ (ಮುದ್ರೆಗಳಲ್ಲಿ ಕಾಣುವ ಹಳೆ ಬರಹ), ಕೊನೆಗೆ ಈಗಿನದು. 3,000 ವರ್ಷದ ಹಿಂದೆ ಆ ಮೂಳೆಯ ಮೇಲೆ ಮೋಡ ಅಂದರೆ ಎರಡು ಅಡ್ಡ ಗೆರೆ, ಕೆಳಗೊಂದು ಸುರುಳಿ, ಅಷ್ಟೇ. ಮಳೆಯೇ ಇಲ್ಲ! ಅದೇ ಸದ್ದಿನ 'ಹೇಳು' ಎಂಬ ಮಾತಿಗೂ ಜನ ಇದೇ ಅಕ್ಷರ ಬಳಸತೊಡಗಿದರು, ಎರಡನ್ನೂ ಬೇರೆ ಮಾಡಬೇಕಾಯಿತು, ಆಗ ಮೋಡದ ತಲೆಗೆ ಮಳೆ ಬಂತು. ಕ್ರಿ.ಶ. 100ರ ಹೊತ್ತಿಗೆ ನಿಘಂಟು ಬರೆದ ಶು ಶೆನ್ ಕೂಡ ಮಳೆಯಿಲ್ಲದ್ದು ಹಳೆ ರೂಪ ಅಂತಲೇ ಬರೆದಿದ್ದಾನೆ. ಅಂದರೆ 1956ರವರು ಇಲ್ಲಿ ಹೊಸದೇನೂ ಹುಟ್ಟಿಸಲಿಲ್ಲ, ಹಿಂದಕ್ಕೆ ಹೋದರು.

ಕುದುರೆಯ 'ಮಾ' ಬೇರೆ ದಾರಿ. 10 ಗೆರೆ 3 ಆಗಿದ್ದು ಬೇಗಬೇಗ ಬರೆಯುವ ಕೈಬರಹದಿಂದ. ಇನ್ನು 'ಆಮೇಲೆ' ಎಂಬ ಅರ್ಥದ 'ಹೋ' ತೆಗೆದು, ಅದೇ ಸದ್ದಿನ 'ರಾಣಿ'ಯ ಅಕ್ಷರವನ್ನು ಅಲ್ಲಿ ಕೂರಿಸಿದ್ದು ಮಾತ್ರ ನನಗೆ ಇನ್ನೂ ಹಿಡಿಸಿಲ್ಲ.

ಹಾಗಾಗಿ ಪ್ರತಿ ಅಕ್ಷರದ ಪಕ್ಕ ಒಂದು ಗುರುತು ಹಾಕುತ್ತೇನೆ: ಹಳೆಯದು, ಕೈಬರಹ, ಇಲ್ಲವೇ ಸಾಲ (ರಾಣಿಯ ಹಾಗೆ, ಅದೇ ಸದ್ದಿನ ಬೇರೆ ಅಕ್ಷರವನ್ನು ತಂದು ಕೂರಿಸಿದ್ದು). ಸರಳ ಲಿಪಿಯಿಂದ ತೈವಾನ್, ಹಾಂಗ್‌ಕಾಂಗ್‌ನ ಲಿಪಿಗೆ ಬದಲಿಸುವಾಗ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. 'ಸಾಲ' ಅಂತ ಬರೆದ ಕಡೆ ಒಂದೇ ಅಕ್ಷರಕ್ಕೆ ಎರಡು ಅರ್ಥ, ಸಾಫ್ಟ್‌ವೇರನ್ನು ಸುಮ್ನೆ ನಂಬಬೇಡಿ, ವಾಕ್ಯ ಓದಿ. ಯುನ್ 'ಹಳೆಯದು' ಆದರೂ ಅದೇ ಕಾಟ: 'ರೆನ್ ಯುನ್ ಯಿ ಯುನ್', ಅಂದರೆ ಬೇರೆಯವರು ಹೇಳಿದ್ದನ್ನೇ ತಾನೂ ಹೇಳುವುದು, ಅದರಲ್ಲಿ ಎರಡೂ ಯುನ್ 'ಹೇಳು' ಎನ್ನುವುದೇ, ಮಳೆ ಸೇರಿಸಿದರೆ ಕೆಟ್ಟಿತು. ಕ್ಲೌಡ್ ಕಂಪ್ಯೂಟಿಂಗಿನ ಯುನ್‌ಗೆ ಮಾತ್ರ ಮಳೆ ಬೇಕೇ ಬೇಕು.